ಕಾಲೇಜ್ ಫುಟ್‌ಬಾಲ್: ರ‍್ಯಾಂಕಿಂಗ್ ಓದುವ ಬಗೆ, ಬೌಲ್ ಆರಿಸುವ ಬಗೆ

ಡಿಸೆಂಬರ್ ಮಧ್ಯದಲ್ಲಿ ಅಮೆರಿಕದ ಯಾವುದೇ ಮನೆಯಲ್ಲಿ ಟಿವಿ ಹಾಕಿ, ಕಾಲೇಜ್ ಫುಟ್‌ಬಾಲ್ ಓಡುತ್ತಿರುತ್ತದೆ. ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ. ಒಂದು ಪಂದ್ಯಕ್ಕೆ ಆಲೂಗಡ್ಡೆಯ ಹೆಸರು, ಇನ್ನೊಂದಕ್ಕೆ ಮೇಯೊನೀಸ್ ಹೆಸರು. ಸೀಸನ್ ಮುಗಿದ ಮೇಲೆ ಆಹ್ವಾನ ಬಂದ ತಂಡಗಳು ಆಡುವ ಇಂಥ ಪಂದ್ಯಗಳೇ ಬೌಲ್. ಕೆಲವು ತಂಡಗಳ ಹೆಸರಿನ ಪಕ್ಕ ಒಂದು ಅಂಕೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಆ ಅಂಕೆಯೇ ರ‍್ಯಾಂಕಿಂಗ್, ಅಂದರೆ ದೇಶದಲ್ಲಿ ಆ ತಂಡದ ಸ್ಥಾನ. "ಇದರಲ್ಲಿ ಫೈನಲ್ ಯಾವುದಮ್ಮಾ?" ಅಂತ ಬೆಂಗಳೂರಿನಿಂದ ನಮ್ಮ ಭಾವ ಪ್ರತಿ ವರ್ಷ ಕೇಳುತ್ತಾರೆ. ಅವರಿಗೆ ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಇಲ್ಲಿಗೆ ಹೊಸದಾಗಿ ಓದಲು ಬಂದವರಿಗೂ, ಮಗಳ ಮನೆಗೆ ಬಂದು ಚಳಿಗಾಲ ಕಳೆಯುತ್ತಿರುವ ಅಪ್ಪ ಅಮ್ಮಂದಿರಿಗೂ ಉಪಯೋಗವಾಗಲಿ.

ನಾನು ಅಯೊವಾ ಸ್ಟೇಟ್ ವಿಶ್ವವಿದ್ಯಾಲಯದ ಪೈಕಿ. ಏಮ್ಸ್ ಊರಿನಲ್ಲಿ ಎಂ.ಎಸ್. ಮಾಡಿದ್ದು, ಈಗ ಪಕ್ಕದ ಡೆ ಮೊಯಿನ್‌ನಲ್ಲಿ ಕೆಲಸ. ನಮ್ಮದು ಪ್ರತಿ ವರ್ಷ ಚಾಂಪಿಯನ್ ಆಗುತ್ತೇವೆ ಅಂತ ಕಾಯುವ ತಂಡವಲ್ಲ. ಏಳೆಂಟು ಪಂದ್ಯ ಗೆದ್ದು ಒಳ್ಳೆಯ ಬೌಲ್ ಸಿಕ್ಕಿದರೆ ಊರಿಗೇ ಹಬ್ಬ. ಬೌಲ್‌ಗಳ ಬಗ್ಗೆ ನನಗಿರುವ ಅಕ್ಕರೆ ಅಲ್ಲಿಂದಲೇ ಬಂದದ್ದು.

ಮೊದಲು ರ‍್ಯಾಂಕಿಂಗ್ ಯಾಕೆ ಬೇಕಾಯಿತು ಅನ್ನುವುದು ಗೊತ್ತಿರಲಿ. 2025ರಲ್ಲಿ ಮೇಲಿನ ದರ್ಜೆಯಲ್ಲಿ 136 ತಂಡಗಳಿದ್ದವು. ಒಂದೊಂದು ತಂಡ ಸೀಸನ್‌ನಲ್ಲಿ ಆಡುವುದು 12 ಪಂದ್ಯ. ರಣಜಿಯ ಹಾಗೆ ಪಾಯಿಂಟ್ಸ್ ಟೇಬಲ್ ಮಾಡೋಣವೆಂದರೆ ಬಹುಪಾಲು ತಂಡಗಳು ಒಂದನ್ನೊಂದು ಎದುರಿಸುವುದೇ ಇಲ್ಲ. ಹಾಗಾಗಿ ಯಾರು ಮೇಲು ಅನ್ನುವುದನ್ನು ಮನುಷ್ಯರು ಕೂತು ಹೇಳಬೇಕು. 1936ರಿಂದ ಅಸೋಸಿಯೇಟೆಡ್ ಪ್ರೆಸ್ ಈ ಕೆಲಸ ಮಾಡುತ್ತಿದೆ. ಎಲ್ಲರೂ ಎಪಿ ಪೋಲ್ ಅನ್ನುವುದು ಇದನ್ನೇ. ಸುಮಾರು 60 ಕ್ರೀಡಾ ಪತ್ರಕರ್ತರು ತಲಾ 25 ತಂಡಗಳ ಪಟ್ಟಿ ಕೊಡುತ್ತಾರೆ. ಮೊದಲ ಸ್ಥಾನಕ್ಕೆ 25 ಅಂಕ, ಎರಡನೆಯದಕ್ಕೆ 24, ಹೀಗೆ ಇಳಿಯುತ್ತಾ ಕೊನೆಯದಕ್ಕೆ ಒಂದು. ಎಲ್ಲ ಕೂಡಿಸಿದರೆ ಆ ವಾರದ ಪಟ್ಟಿ ಸಿದ್ಧ. ಆ ಪಟ್ಟಿಯಲ್ಲಿ ತಂಡದ ಹೆಸರಿನ ಪಕ್ಕ ಆವರಣದೊಳಗೆ ಇರುವ ಸಂಖ್ಯೆ, ಎಷ್ಟು ಜನ ಅದಕ್ಕೆ ಮೊದಲ ಸ್ಥಾನ ಕೊಟ್ಟರು ಅನ್ನುವುದರ ಲೆಕ್ಕ. ಬರೀ ಸ್ಥಾನ ನೋಡಬೇಡಿ, ಅಂಕ ನೋಡಿ. ಆರನೇ ತಂಡಕ್ಕೂ ಏಳನೇ ತಂಡಕ್ಕೂ ಮೂರೇ ಅಂಕದ ಅಂತರವಿದ್ದರೆ ಅವು ಸಮ ಅಂತಲೇ ತಿಳಿಯಿರಿ. ನೂರು ಅಂಕದ ಅಂತರವಿದ್ದರೆ ಮತದಾರರು ಅಲ್ಲೊಂದು ಗೆರೆ ಎಳೆದಿದ್ದಾರೆ ಅಂತ ಅರ್ಥ.

ಇನ್ನು ನಾನು ರ‍್ಯಾಂಕಿಂಗ್ ಓದುವ ಕ್ರಮ. ಅಕ್ಟೋಬರ್ ಮುಗಿಯುವವರೆಗೆ ಅದನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಆಗಸ್ಟ್ ಪಟ್ಟಿ ಬರೀ ಊಹೆ. ಹೋದ ವರ್ಷದ ಹೆಸರು, ಈ ವರ್ಷ ಸೇರಿಸಿಕೊಂಡ ಆಟಗಾರರು, ಇಷ್ಟರ ಮೇಲೆ ಬರೆದದ್ದು. ನವೆಂಬರ್ ಬಂದ ಮೇಲೆ ಒಂದು ಹಾಳೆ ತೆಗೆದುಕೊಂಡು, ಅಕ್ಕಪಕ್ಕದ ಸ್ಥಾನದಲ್ಲಿರುವ ಎರಡು ತಂಡಗಳನ್ನು ಹೆಸರಿಲ್ಲದೆ "ಅ", "ಆ" ಅಂತ ಬರೆಯುತ್ತೇನೆ. ಅವು ಸೋಲಿಸಿದ ಎದುರಾಳಿ ತಂಡಗಳು ಸೀಸನ್‌ನಲ್ಲಿ ಒಟ್ಟು ಎಷ್ಟು ಪಂದ್ಯ ಗೆದ್ದಿವೆ, ಸೋತದ್ದು ಯಾರ ಕೈಲಿ, ಎಷ್ಟು ಅಂತರದಲ್ಲಿ, ತಮ್ಮ ಮೈದಾನದಲ್ಲೋ ಎದುರಾಳಿಯ ಮೈದಾನದಲ್ಲೋ, ಇಬ್ಬರೂ ಆಡಿದ ಎದುರಾಳಿ ಯಾರಾದರೂ ಇದ್ದಾರೆಯೇ. ಇಷ್ಟು ಬರೆದು ಯಾವುದು ಮೇಲು ಅಂತ ಮೊದಲು ನಾನೇ ತೀರ್ಮಾನಿಸಿ, ಆಮೇಲೆ ಹೆಸರು ಹಾಕುತ್ತೇನೆ. ಅಲಬಾಮ, ನೋಟರ್ ಡೇಮ್, ಒಹಾಯೊ ಸ್ಟೇಟ್ ಇಂಥ ದೊಡ್ಡ ಹೆಸರುಗಳ ಭಾರ ಎಷ್ಟು ಅನ್ನುವುದು ಆ ಹಾಳೆ ಹಿಡಿದುಕೊಂಡಾಗಲೇ ಗೊತ್ತಾಗುವುದು.

ಒಂದು ಸೋಲು ಯಾವಾಗ ಬಂತು ಅನ್ನುವುದನ್ನೂ ಗಮನಿಸಿ. ಸೆಪ್ಟೆಂಬರ್‌ನಲ್ಲಿ ಸೋತವರಿಗೆ ಏರಿಬರಲು ಎರಡು ತಿಂಗಳಿರುತ್ತದೆ. ನವೆಂಬರ್ ಕೊನೆಯಲ್ಲಿ ಸೋತವರ ಸೋಲು ಎಲ್ಲರ ನೆನಪಿನಲ್ಲಿ ಹಸಿಯಾಗಿರುತ್ತದೆ.

ಇದಕ್ಕೆ ನನ್ನ ಕಣ್ಣೆದುರೇ ನಡೆದ ಉದಾಹರಣೆ ಇದೆ. 2011ರ ನವೆಂಬರ್ 18, ಶುಕ್ರವಾರ ರಾತ್ರಿ, ಏಮ್ಸ್‌ನ ಜ್ಯಾಕ್ ಟ್ರೈಸ್ ಸ್ಟೇಡಿಯಂ. ಎದುರಾಳಿ ಓಕ್ಲಹೋಮಾ ಸ್ಟೇಟ್, ಆಡಿದ ಹತ್ತೂ ಪಂದ್ಯ ಗೆದ್ದು ದೇಶದಲ್ಲಿ ಎರಡನೇ ಸ್ಥಾನದಲ್ಲಿತ್ತು. ನಾವು ಐದು ಗೆದ್ದು ನಾಲ್ಕು ಸೋತವರು. ಮೂರನೇ ಕ್ವಾರ್ಟರ್‌ನಲ್ಲಿ 24-7ರಿಂದ ಹಿಂದಿದ್ದೆವು. ಅಲ್ಲಿಂದ ಸಮ ಮಾಡಿಕೊಂಡೆವು. ಕೊನೆಯ ಎರಡು ನಿಮಿಷದೊಳಗೆ ಅವರ ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಅಂಕ ಗಳಿಸುವುದು) ಕೈತಪ್ಪಿ ಓವರ್‌ಟೈಮ್‌ಗೆ ಹೋಯಿತು. ಎರಡನೇ ಓವರ್‌ಟೈಮ್‌ನಲ್ಲಿ ಅವರ ಪಾಸ್ ನಮ್ಮವರ ಕೈಗೆ ಸಿಕ್ಕಿತು, ಆಮೇಲೆ ಜೆಫ್ ವುಡಿ ಚೆಂಡು ಹಿಡಿದು ನಾಲ್ಕು ಗಜ ನುಗ್ಗಿ ಎದುರಾಳಿಯ ತುದಿಯ ಗೆರೆ ದಾಟಿದ. ಇದಕ್ಕೆ ಟಚ್‌ಡೌನ್ ಅನ್ನುತ್ತಾರೆ. 37-31. ಬೇಲಿ ಹಾರಿ ಮೈದಾನಕ್ಕೆ ಇಳಿದವರಲ್ಲಿ ನಾನೂ ಒಬ್ಬಳು. ಮೈಮೇಲೆ ಕೋಟಿನ ಮೇಲೊಂದು ರಾಜ್ಯೋತ್ಸವದ ಹಳದಿ ಕೆಂಪು ಶಾಲು. ಅಯೊವಾ ಸ್ಟೇಟ್ ಬಣ್ಣವೂ ಅದೇ ಆದ್ದರಿಂದ ಪಕ್ಕದವರು ಅದನ್ನು ತಂಡದ ಶಾಲು ಅಂತಲೇ ಅಂದುಕೊಂಡಿದ್ದರು.

ಆಗ ಬಿಸಿಎಸ್ ಅನ್ನುವ ಪದ್ಧತಿ ಇತ್ತು, 1998ರಿಂದ 2013ರ ಸೀಸನ್‌ವರೆಗೆ. ಎರಡು ಪೋಲ್, ಜೊತೆಗೆ ಕಂಪ್ಯೂಟರ್ ಲೆಕ್ಕ ಸೇರಿಸಿ ಮೊದಲ ಎರಡು ತಂಡಗಳನ್ನು ಫೈನಲ್‌ಗೆ ಕಳಿಸುತ್ತಿದ್ದರು. ಆ ಒಂದೇ ಸೋಲಿನಿಂದ ಓಕ್ಲಹೋಮಾ ಸ್ಟೇಟ್ ಕೂದಲೆಳೆಯಲ್ಲಿ ಮೂರನೇ ಸ್ಥಾನಕ್ಕೆ ಬಿತ್ತು. ಫೈನಲ್‌ಗೆ ಹೋದದ್ದು ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ಮತ್ತು ಅಲಬಾಮ. ಅದೇ ನವೆಂಬರ್‌ನಲ್ಲಿ ಎಲ್‌ಎಸ್‌ಯು ಕೈಲಿ 9-6ರಿಂದ ಸೋತಿದ್ದ ಅಲಬಾಮ, ಜನವರಿಯಲ್ಲಿ 21-0 ಗೆದ್ದು ಚಾಂಪಿಯನ್ ಆಯಿತು. ಅಲಬಾಮಕ್ಕೂ ಓಕ್ಲಹೋಮಾ ಸ್ಟೇಟ್‌ಗೂ ಒಂದೊಂದೇ ಸೋಲು, ಆದರೆ ಒಂದು ಬಲಿಷ್ಠರ ಕೈಲಿ, ಇನ್ನೊಂದು ನಮ್ಮಂಥವರ ಕೈಲಿ. ನಮ್ಮ ಪಂದ್ಯದ ಹಿಂದಿನ ದಿನವಷ್ಟೇ ಓಕ್ಲಹೋಮಾ ಸ್ಟೇಟ್‌ನ ಮಹಿಳಾ ಬಾಸ್ಕೆಟ್‌ಬಾಲ್ ಕೋಚ್‌ಗಳಿಬ್ಬರು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಆ ಹುಡುಗರು ಎಂಥ ಮನಸ್ಸಿನಲ್ಲಿ ಮೈದಾನಕ್ಕೆ ಇಳಿದಿದ್ದರು ಅನ್ನುವುದಕ್ಕೆ ಯಾವ ಪಟ್ಟಿಯಲ್ಲೂ ಕಾಲಂ ಇಲ್ಲ. ನಮ್ಮ ಸಂತೋಷದ ಜೊತೆಗೆ ಇದನ್ನೂ ನಾನು ನೆನೆಯುತ್ತೇನೆ.

ಅದು ನಮಗೆ ಆ ವರ್ಷದ ಆರನೇ ಗೆಲುವು. ಆರು ಗೆದ್ದರೆ ಬೌಲ್ ಆಡುವ ಅರ್ಹತೆ. ಮುಂದಿನ ಎರಡೂ ಪಂದ್ಯ ಸೋತೆವು, ಆದರೂ ಆ ರಾತ್ರಿಯ ಗೆಲುವಿನಿಂದ ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನಲ್ಲಿ ಪಿನ್‌ಸ್ಟ್ರೈಪ್ ಬೌಲ್ ಆಡಿದೆವು. ಬೇಸ್‌ಬಾಲ್ ಮೈದಾನದಲ್ಲಿ ಫುಟ್‌ಬಾಲ್! ರಟ್ಗರ್ಸ್ ಕೈಲಿ ಸೋತೆವು, ಅದರ ಬೇಜಾರು ನನಗೆ ಇಲ್ಲ.

ಈಗ ಪದ್ಧತಿ ಬೇರೆ. 2014ರಿಂದ ನಾಲ್ಕು ತಂಡಗಳ ಪ್ಲೇಆಫ್, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್ ಪಂದ್ಯಗಳು, ಇತ್ತು, 2024ರಿಂದ ಹನ್ನೆರಡು. ತಂಡಗಳನ್ನು ಆರಿಸುವುದು ಒಂದು ಆಯ್ಕೆ ಕಮಿಟಿ. ನವೆಂಬರ್‌ನಿಂದ ಮಂಗಳವಾರ ರಾತ್ರಿಗಳಲ್ಲಿ ಬರುವ ಕಮಿಟಿಯ ಪಟ್ಟಿಯೇ ಲೆಕ್ಕಕ್ಕೆ ಬರುವ ಪಟ್ಟಿ. ಎಪಿ ಪೋಲ್ ನಮ್ಮ ಚರ್ಚೆಗೆ, ಗೌರವಕ್ಕೆ. ಹೊಸಬರು ಎಡವುವುದು ಇಲ್ಲಿ: ಹನ್ನೆರಡು ತಂಡ ಅಂದರೆ ಪಟ್ಟಿಯ ಮೊದಲ ಹನ್ನೆರಡು ಅಂತಲ್ಲ. 2024 ಮತ್ತು 2025ರ ಸೀಸನ್‌ಗಳಲ್ಲಿ ಕಾನ್ಫರೆನ್ಸ್ (ಕಾಲೇಜುಗಳ ಗುಂಪು) ಚಾಂಪಿಯನ್‌ಗಳಲ್ಲಿ ಮೇಲಿನ ಐವರಿಗೆ ಜಾಗ ಖಾಯಂ ಇತ್ತು. 2025ರಲ್ಲಿ ಮಯಾಮಿ ಹತ್ತನೇ ಸ್ಥಾನ, ನೋಟರ್ ಡೇಮ್ ಹನ್ನೊಂದು. ಆದರೆ ಕೊನೆಯ ಎರಡು ಜಾಗ ತುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್ ಎಂಬ ಚಾಂಪಿಯನ್‌ಗಳಿಗೆ ಹೋಯಿತು, ನೋಟರ್ ಡೇಮ್ ಹೊರಗುಳಿಯಿತು. ಸೀಸನ್‌ನ ಮೊದಲ ಪಂದ್ಯದಲ್ಲಿ ಮಯಾಮಿ ನೋಟರ್ ಡೇಮನ್ನು 27-24ರಿಂದ ಸೋಲಿಸಿತ್ತು. ವಾರಗಟ್ಟಲೆ ಕಮಿಟಿ ನೋಟರ್ ಡೇಮನ್ನೇ ಮೇಲಿಟ್ಟು, ಕೊನೆಯ ಪಟ್ಟಿಯಲ್ಲಿ ತಿರುಗಿಸಿತು. ನನ್ನ ಪ್ರಕಾರ ಮಯಾಮಿಯೇ ಸರಿ. ಮೈದಾನದಲ್ಲಿ ತೀರ್ಮಾನವಾದದ್ದನ್ನು ಕೋಣೆಯಲ್ಲಿ ಕೂತು ಬದಲಿಸಬಾರದು. ಮೊದಲ ಪಟ್ಟಿಯಿಂದಲೇ ಹಾಗೆ ಇಟ್ಟಿದ್ದರೆ ನೋಟರ್ ಡೇಮ್ ಹುಡುಗರಿಗೂ ಅಷ್ಟು ಆಸೆ ಹುಟ್ಟುತ್ತಿರಲಿಲ್ಲ.

ಅದೇ ಕಾರಣಕ್ಕೆ 2023ರ ಫ್ಲಾರಿಡಾ ಸ್ಟೇಟ್ ವಿಷಯ ಇವತ್ತಿಗೂ ನನಗೆ ನುಂಗಲಾಗದು. ಹದಿಮೂರಕ್ಕೆ ಹದಿಮೂರು ಗೆದ್ದು, ಕಾನ್ಫರೆನ್ಸ್ ಚಾಂಪಿಯನ್ ಆಗಿ, ನಾಲ್ಕರಲ್ಲಿ ಒಂದು ಜಾಗ ಸಿಗಲಿಲ್ಲ. ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸುವವನು) ಜೋರ್ಡನ್ ಟ್ರಾವಿಸ್ ಕಾಲು ಮುರಿದುಕೊಂಡಿದ್ದ, ಅವನಿಲ್ಲದ ತಂಡ ಮೊದಲಿನಂತಿಲ್ಲ ಅಂದರು. ಆಮೇಲೆ ಆರೆಂಜ್ ಬೌಲ್‌ನಲ್ಲಿ ಅವರು ಜಾರ್ಜಿಯಾ ಕೈಲಿ 63-3ರಿಂದ ಸೋತಾಗ, "ನೋಡಿ, ಕಮಿಟಿ ಹೇಳಿದ್ದು ಸರಿ" ಅಂದವರಿದ್ದಾರೆ. ಆ ಸ್ಕೋರನ್ನು ಹಾಗೆ ಓದಬೇಡಿ. ಮನಸ್ಸು ಮುರಿದ ಆ ತಂಡದ ಎಷ್ಟೋ ಮುಖ್ಯ ಆಟಗಾರರು ಬೌಲ್‌ಗೆ ಬಂದೇ ಇರಲಿಲ್ಲ.

ಬೌಲ್ ಆರಿಸುವಾಗ ನೋಡಬೇಕಾದ್ದೂ ಇದೇ. ಸ್ಪರ್ಧಿಸುವ ತಂಡಗಳ ಸ್ಥಾನಕ್ಕಿಂತ ಮೊದಲು, ಯಾರು ಆಡುತ್ತಿದ್ದಾರೆ ಅಂತ ತಿಳಿದುಕೊಳ್ಳಿ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಸೇರುವ ಹುಡುಗರು ಗಾಯಕ್ಕೆ ಹೆದರಿ ಬೌಲ್ ಬಿಡುತ್ತಾರೆ. 2016ರ ಜನವರಿಯಲ್ಲಿ ನೋಟರ್ ಡೇಮ್‌ನ ಜೇಲನ್ ಸ್ಮಿತ್ ಫಿಯೆಸ್ಟಾ ಬೌಲ್‌ನಲ್ಲಿ ಮಂಡಿ ಹಾಳುಮಾಡಿಕೊಂಡು, ಎನ್‌ಎಫ್‌ಎಲ್ ತಂಡಗಳ ಆಯ್ಕೆಯ ಮೊದಲ ಸುತ್ತಿನಲ್ಲೇ ಆಯ್ಕೆಯಾಗಬೇಕಿದ್ದವನು ಎರಡನೇ ಸುತ್ತಿಗೆ ಜಾರಿದ. ಅದನ್ನು ನೋಡಿದ ಮೇಲೆ ಆ ಹುಡುಗರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಕೋಚ್ ಬೇರೆ ಕಡೆ ಹೋಗಿದ್ದಾರೆಯೇ ಅಂತಲೂ ನೋಡಿ. 2025ರ ಡಿಸೆಂಬರ್‌ನಲ್ಲಿ ನಮ್ಮ ಮ್ಯಾಟ್ ಕ್ಯಾಂಬೆಲ್ ಪೆನ್ ಸ್ಟೇಟ್‌ಗೆ ಹೋದರು. ಎಂಟು ಗೆದ್ದಿದ್ದ ತಂಡದಲ್ಲಿ ಆಡುವಷ್ಟು ಆರೋಗ್ಯವಾಗಿದ್ದ ಹುಡುಗರು ಸಾಲದೆ ಬೌಲ್ ಆಹ್ವಾನವನ್ನೇ ಒಪ್ಪಿಕೊಳ್ಳಲಿಲ್ಲ. ಆ ಡಿಸೆಂಬರ್ ನನಗೆ ಖಾಲಿ ಖಾಲಿ.

ಸಣ್ಣ ಬೌಲ್ ಅಂತ ಕಡೆಗಣಿಸಬೇಡಿ. 2024ರ ಡಿಸೆಂಬರ್ 28ರಂದು ಒರ್ಲ್ಯಾಂಡೊದಲ್ಲಿ ಪಾಪ್-ಟಾರ್ಟ್ಸ್ (ಟೋಸ್ಟರ್‌ನಲ್ಲಿ ಬಿಸಿಮಾಡಿ ತಿನ್ನುವ ಸಿಹಿ ತಿಂಡಿ) ಬೌಲ್, ಅಯೊವಾ ಸ್ಟೇಟ್‌ಗೆ ಮಯಾಮಿ ಎದುರಾಳಿ. ಅವರ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್ ಮೊದಲರ್ಧದಲ್ಲೇ ವೃತ್ತಿಜೀವನದ ಟಚ್‌ಡೌನ್ ಪಾಸ್‌ಗಳ ದಾಖಲೆ ಮುರಿದು, ಉಳಿದರ್ಧ ಹೊರಗೆ ಕೂತ. ನಮ್ಮ ರೊಕ್ಕೊ ಬೆಕ್ಟ್ ಕೊನೆಯ ನಿಮಿಷದಲ್ಲಿ ಒಂದು ಗಜ ದೂರದಿಂದ ತಾನೇ ಚೆಂಡು ಹಿಡಿದು ನುಗ್ಗಿದ. 42-41, ನಮ್ಮ ವಿಶ್ವವಿದ್ಯಾಲಯದ ಇತಿಹಾಸದಲ್ಲೇ ಮೊದಲ ಬಾರಿಗೆ ಹನ್ನೊಂದು ಗೆಲುವು. ಪಂದ್ಯ ಮುಗಿದ ಮೇಲೆ ತಿಂಡಿಯ ವೇಷದ ಗೊಂಬೆ ದೊಡ್ಡ ಟೋಸ್ಟರ್ ಒಳಗೆ ಇಳಿಯಿತು, ಕೆಳಗಿನಿಂದ ಬಂದ ದೊಡ್ಡ ಸಿಹಿಯನ್ನು ಆಟಗಾರರು ಕೈಹಾಕಿ ಕಿತ್ತು ತಿಂದರು. ಆರಡಿ ಎತ್ತರದ ಹುಡುಗರು ಮಕ್ಕಳ ಹಾಗೆ ನಗುತ್ತಿದ್ದರು. ಷಾರ್ಲಟ್‌ನ ಡ್ಯೂಕ್ಸ್ ಮೇಯೊ ಬೌಲ್‌ನಲ್ಲಿ ಗೆದ್ದ ಕೋಚ್ ತಲೆಗೆ ಮೇಯೊನೀಸ್ ಸುರಿಯುತ್ತಾರೆ, ಅದನ್ನೂ ಒಮ್ಮೆ ನೋಡಿ.

ದೊಡ್ಡವುಗಳಲ್ಲಿ ಒಂದೇ ಒಂದನ್ನು ನೋಡುವುದಾದರೆ ರೋಸ್ ಬೌಲ್. 1902ರಲ್ಲಿ ಶುರುವಾದದ್ದು, ಬೌಲ್‌ಗಳಲ್ಲೇ ಹಿರಿಯದು. ಜನವರಿ ಒಂದರಂದು ಪ್ಯಾಸಡೀನಾದಲ್ಲಿ ಸಂಜೆ ಬಿಸಿಲು ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ಮೇಲೆ ಬೀಳುವ ಹೊತ್ತಿಗೆ ಆಟ ಬಿಗಿಯಾಗಿರುತ್ತದೆ. 2026ರಲ್ಲಿ ಒಂದು ಗಂಟೆ ಮುಂಚೆ ಶುರುಮಾಡಿದರು, ನನಗೆ ಹಳೆಯ ಸಮಯವೇ ಇಷ್ಟ. ಶುಗರ್, ಆರೆಂಜ್, ಕಾಟನ್, ಫಿಯೆಸ್ಟಾ, ಪೀಚ್ ಸೇರಿ ಈ ಆರು ಬೌಲ್‌ಗಳಲ್ಲೇ ಈಗ ಪ್ಲೇಆಫ್‌ನ ಕ್ವಾರ್ಟರ್‌ಫೈನಲ್, ಸೆಮಿಫೈನಲ್ ನಡೆಯುವುದು. ಮೊದಲ ಸುತ್ತು ಮಾತ್ರ ಕಾಲೇಜುಗಳ ಸ್ವಂತ ಮೈದಾನದಲ್ಲಿ. ಫೈನಲ್ ಜನವರಿಯಲ್ಲಿ ಒಂದು ಸೋಮವಾರ ರಾತ್ರಿ.

ಊರಿನಿಂದ ನೋಡುವವರಿಗೆ ಸಮಯ: ಚಳಿಗಾಲದಲ್ಲಿ ನ್ಯೂಯಾರ್ಕ್ ಸಮಯಕ್ಕೆ ಹತ್ತೂವರೆ ಗಂಟೆ ಸೇರಿಸಿ. ಅಲ್ಲಿ ಮಧ್ಯಾಹ್ನ 12ಕ್ಕೆ ಶುರುವಾದ ಪಂದ್ಯ ಬೆಂಗಳೂರಿನಲ್ಲಿ ರಾತ್ರಿ 10:30ಕ್ಕೆ. ಫೈನಲ್ ಮಂಗಳವಾರ ಬೆಳಗಿನ ಕಾಫಿ ಹೊತ್ತಿಗೆ, ಸುಮಾರು ಆರು ಗಂಟೆಗೆ. ಭಾವ ನೋಡುವುದು ಅದೊಂದನ್ನೇ.

ಖುದ್ದು ಹೋಗುವುದಾದರೆ, ಬಹಳಷ್ಟು ಸ್ಟೇಡಿಯಂಗಳಲ್ಲಿ ಒಳಗಿನದು ಕಾಣುವ ಪ್ಲಾಸ್ಟಿಕ್ ಚೀಲ ಮಾತ್ರ ಒಳಗೆ ಬಿಡುತ್ತಾರೆ. ಪಾರ್ಕಿಂಗ್‌ನಲ್ಲಿ ಪಂದ್ಯಕ್ಕೆ ಮುಂಚೆ ಸೇರುವ ಊಟಕ್ಕೆ ಪುಳಿಯೋಗರೆ ಕಟ್ಟಿಕೊಳ್ಳಬೇಡಿ. ಉತ್ತರದ ಚಳಿಯಲ್ಲಿ ಅನ್ನ ಕಲ್ಲಾಗುತ್ತದೆ. ಚಪಾತಿಯಲ್ಲಿ ಆಲೂಗಡ್ಡೆ ಪಲ್ಯ ಸುತ್ತಿ, ಫಾಯಿಲ್ ಹಾಕಿ, ಫ್ಲಾಸ್ಕಿನಲ್ಲಿ ಸಾರು ಒಯ್ಯಿರಿ. ಪಕ್ಕದ ಕಾರಿನವರು ಒಂದು ಲೋಟ ಸಾರು ಕುಡಿದರೆ ಆ ಸೀಸನ್ ಪೂರ್ತಿ ಸ್ನೇಹ.

ಫೈನಲ್ ಮುಗಿದ ಮೇಲೆ ಎಪಿಯ ಕೊನೆಯ ಪಟ್ಟಿ ಬರುತ್ತದೆ. 1960ರ ದಶಕದವರೆಗೆ ಸಾಮಾನ್ಯವಾಗಿ ಬೌಲ್‌ಗಳಿಗೆ ಮುಂಚೆಯೇ ಕೊನೆಯ ಪಟ್ಟಿ ಮುಗಿಸಿಬಿಡುತ್ತಿದ್ದರು, 1968ರಿಂದ ಖಾಯಂ ಆಗಿ ಬೌಲ್ ಆದ ಮೇಲೆ. ಆ ಪಟ್ಟಿಯನ್ನೂ ಆಗಸ್ಟ್‌ನದನ್ನೂ ಪಕ್ಕಪಕ್ಕ ಇಡಿ. 2025ರ ಆಗಸ್ಟ್‌ನಲ್ಲಿ ಟೆಕ್ಸಸ್ ಒಂದನೇ ಸ್ಥಾನ, ಪೆನ್ ಸ್ಟೇಟ್ ಎರಡು, ಕ್ಲೆಮ್ಸನ್ ನಾಲ್ಕು. ಮೂವರಿಗೂ ಪ್ಲೇಆಫ್ ಸಿಗಲಿಲ್ಲ. 2026ರ ಜನವರಿಯಲ್ಲಿ ಹದಿನಾರಕ್ಕೆ ಹದಿನಾರೂ ಗೆದ್ದು ಚಾಂಪಿಯನ್ ಆದ ಇಂಡಿಯಾನಾ ಆ ಆಗಸ್ಟ್ ಪಟ್ಟಿಯಲ್ಲಿ ಇದ್ದದ್ದು ಇಪ್ಪತ್ತನೇ ಸ್ಥಾನದಲ್ಲಿ.