ಹವಳ ಮುದುಡಿದೆಯಾ? ಬಾಟಲಿ ಮುಟ್ಟುವ ಮೊದಲು ಇಷ್ಟು ನೋಡಿ

ಬೆಳಿಗ್ಗೆ ಎದ್ದು, ಹವಳ ಸಾಕಿರುವ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಿನ ಲೈಟ್ ಹಾಕುತ್ತೀರಿ. ನಿನ್ನೆವರೆಗೂ ದೊಡ್ಡ ಅಣಬೆಯ ಹಾಗೆ ಅರಳಿ ನಿಂತಿದ್ದ, ಮೆತ್ತನೆ ಮೈಯ ಲೆದರ್ ಹವಳ ಮುದುಡಿಕೊಂಡಿದೆ. ತಲೆಯ ಮೇಲಿನ ಪುಟ್ಟ ಪುಟ್ಟ ಬೆರಳುಗಳೆಲ್ಲ ಒಳಕ್ಕೆ ಹೋಗಿವೆ. ಮೈ ಮೇಲೆ ಮೇಣ ಸವರಿದಂಥ ಹೊಳಪು. ಆಗ ಕೈ ಸುಮ್ನೆ ಇರುತ್ತದಾ? ನೀರು ಬದಲಿಸೋಣ, ಜಾಗ ಬದಲಿಸೋಣ, ಅಂಗಡಿಯಿಂದ ತಂದ ಯಾವುದೋ ಬಾಟಲಿಯಿಂದ ನಾಲ್ಕು ಹನಿ ಬಿಡೋಣ ಅನಿಸುತ್ತದೆ. ನಾನು ಈ ಮೂರನ್ನೂ ಒಂದೇ ಭಾನುವಾರ ಮಾಡಿದ್ದೆ. ಹವಳ ಇನ್ನಷ್ಟು ಕುಗ್ಗಿತು. ಹತ್ತು ದಿನ ಆದಮೇಲೆ ಪೊರೆ ಬಿಟ್ಟು ತಾನಾಗಿಯೇ ಅರಳಿತು. ಅದಕ್ಕೆ ಕಾಯಿಲೆಯೇ ಇರಲಿಲ್ಲ!

ಲೆದರ್ ಜಾತಿಯ ಹವಳಗಳು ಆಗಾಗ ಮೈ ಮೇಲಿನ ತೆಳು ಪದರ ಕಳಚುತ್ತವೆ. ಮೇಲೆ ಕೂತ ಪಾಚಿ, ದೂಳು ಎಲ್ಲ ಅದರ ಜೊತೆ ಹೋಗುತ್ತದೆ. ಕೆಲವು ದಿನ ಹಿಡಿಯಬಹುದು, ಒಂದೆರಡು ವಾರವೂ ಹಿಡಿಯಬಹುದು. ಪವರ್‌ಹೆಡ್ಡನ್ನು (ಟ್ಯಾಂಕಿನೊಳಗೆ ನೀರು ತಳ್ಳುವ ಪಂಪು) ಚೂರು ತಿರುಗಿಸಿ ಹರಿವು ಅದರ ಮೇಲೆ ಹಾಯುವಂತೆ ಮಾಡಿ. ಆ ಹೊತ್ತಿನಲ್ಲಿ ಅದು ಕೇಳುವುದು ಅಷ್ಟೇ.

ಪೊರೆಯೋ, ಕೊಳೆಯೋ?

ದೊಡ್ಡ ಸಿರಿಂಜಿನಲ್ಲಿ ಟ್ಯಾಂಕಿನದೇ ನೀರು ತುಂಬಿ ಹವಳದ ಮೇಲೆ ಮೆಲ್ಲಗೆ ಚಿಮ್ಮಿಸಿ. ತೆಳ್ಳಗಿನ ಪದರ ಎದ್ದು ಹೋಗಿ, ಕೆಳಗೆ ಮೈ ಗಟ್ಟಿಯಾಗಿ ಕಂಡರೆ ಅದು ಪೊರೆ. ಮೈಯೇ ಲೋಳೆಯಾಗಿ ಚೂರು ಚೂರಾಗಿ ಹಾರಿದರೆ, ಕಪ್ಪು ಅಥವಾ ಕಂದು ಕಲೆ ಹರಡುತ್ತಿದ್ದರೆ, ನೀರಿನಿಂದ ಎತ್ತಿದಾಗ ಗಬ್ಬು ನಾತ ಬಂದರೆ ಅದು ಕೊಳೆ, ಅಂದರೆ ಮೈಯೇ ಕೊಳೆಯುತ್ತಿದೆ. ನಿಜವಾದ ತೊಂದರೆ ಅದೇ.

ಬಣ್ಣವನ್ನೂ ನೋಡಿ. ಹವಳ ಗಿಡವಲ್ಲ, ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಿಡಾರ ಹೂಡಿ, ಬೆಳಕಿನಿಂದ ಅಡುಗೆ ಮಾಡಿ ಹಾಕುತ್ತದೆ. ಬೆಳಕು ಅಥವಾ ಬಿಸಿ ಅತಿಯಾದರೆ ಹವಳ ಈ ಪಾಚಿಯನ್ನು ಹೊರಗೆ ಹಾಕಿ ಬಿಳಿಚಿಕೊಳ್ಳುತ್ತದೆ. ಬಿಳಿಚಿದ್ದೆಲ್ಲ ಸತ್ತಿಲ್ಲ, ಮೈ ಗಟ್ಟಿ ಇದ್ದರೆ ಚೇತರಿಸಿಕೊಳ್ಳುವ ಅವಕಾಶ ಇದೆ. ಹೊಸ ಎಲ್‌ಇಡಿ ಹಾಕಿದ ವಾರದಲ್ಲೇ ಹೀಗಾಗಿದ್ದರೆ ಲೈಟನ್ನು ಅರ್ಧಕ್ಕೆ ಇಳಿಸಿ, ವಾರಕ್ಕಿಷ್ಟು ಅಂತ ಮೆಲ್ಲಗೆ ಏರಿಸಿ.

ಈಗ ಅಳತೆ

ಮೊದಲು ಉಪ್ಪು. ಸಾಂದ್ರತೆ 1.025ರಿಂದ 1.026, ಅಂದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರಬೇಕು. ಇದನ್ನು ಅಳೆಯಲು ಮುಳ್ಳು ತಿರುಗುವ ಪ್ಲಾಸ್ಟಿಕ್ ಹೈಡ್ರೋಮೀಟರ್ ನಂಬಬೇಡಿ. ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಇದ್ದರೆ ಅದನ್ನು ಬರೀ ಡಿಸ್ಟಿಲ್ಡ್ ನೀರಿನಿಂದ ಅಲ್ಲ, ಉಪ್ಪಿನ ಅಳತೆ 35 ಎಂದು ಗೊತ್ತಿರುವ ದ್ರಾವಣದಿಂದಲೇ ಸರಿಹೊಂದಿಸಿ. ಆಮೇಲೆ ಬಿಸಿ: 24ರಿಂದ 27 ಡಿಗ್ರಿ. ಬೆಂಗಳೂರಿನಲ್ಲಿ ಇದೇನು ದೊಡ್ಡ ವಿಷಯ ಅನಿಸುತ್ತದೆ, ಅಲ್ವಾ? ಏಪ್ರಿಲ್ ಮಧ್ಯಾಹ್ನ ಪಂಪು, ಲೈಟು ಎಲ್ಲದರ ಕಾವು ಸೇರಿ ಮುಚ್ಚಿದ ಟ್ಯಾಂಕು 30 ದಾಟುತ್ತದೆ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ. ಆದರೆ ನೀರು ಜಾಸ್ತಿ ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಆವಿಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರಿನಿಂದ ಅಲ್ಲ.

ಅಮೋನಿಯಾ ಸೊನ್ನೆ ಇರಬೇಕು. ಕ್ಷಾರತೆ 8ರಿಂದ 9 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ) ಇದ್ದರೆ ಚೆನ್ನ. 7.5 ಇದ್ದರೂ ಗಾಬರಿ ಬೇಡ, ಒಂದೇ ದಿನಕ್ಕೆ 10ಕ್ಕೆ ಏರಿಸುವುದು ಅದಕ್ಕಿಂತ ಕೆಟ್ಟದ್ದು. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆ ಮಾಡಿಕೊಂಡು ಹೆಮ್ಮೆಪಡುವವರು ಇದ್ದಾರೆ. ಅವರ ಹವಳ ಹಸಿದುಕೊಂಡು ಮಂಕಾಗಿರುತ್ತದೆ. ನೈಟ್ರೇಟ್ 5ರಿಂದ 10 ಪಿಪಿಎಂ ಇರಲಿ ಬಿಡಿ.

ಅಡುಗೆಮನೆ ಆರ್‌ಒ ಎಂಬ ಮೋಸ

ನನ್ನ ಟ್ಯಾಂಕು ವರ್ಷಗಟ್ಟಲೆ ಸೊರಗಿದ್ದು ಇದರಿಂದ. ಕುಡಿಯುವ ನೀರಿನ ಪ್ಯೂರಿಫೈಯರ್ ಇದೆಯಲ್ಲ, ಅದೂ ಆರ್‌ಒ ತಾನೇ ಅಂದುಕೊಂಡು ಆ ನೀರಿಗೇ ಸಾಲ್ಟ್ ಕಲಸುತ್ತಿದ್ದೆ. ಒಂದು ದಿನ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವುದು) ಅದ್ದಿ ನೋಡಿದರೆ 70! ಇಂಥ ಎಷ್ಟೋ ಪ್ಯೂರಿಫೈಯರುಗಳಲ್ಲಿ ರುಚಿಗೆಂದು ಒಂದು ಪುಟ್ಟ ವಾಲ್ವ್ ಇರುತ್ತದೆ. ಅದು ಶೋಧಿಸಿದ ನೀರಿಗೆ ಪ್ಯೂರಿಫೈಯರಿನ ಮೆಂಬ್ರೇನ್ ದಾಟದ ನೀರನ್ನು ಒಂದಿಷ್ಟು ಬೆರೆಸುತ್ತದೆ. ಕೆಲವದರಲ್ಲಿ ಖನಿಜದ ಕಾರ್ಟ್ರಿಜ್ಜೂ ಇರುತ್ತದೆ, ತಾಮ್ರ ಸೇರಿಸುವಂಥವೂ ಬಂದಿವೆ. ನಮಗೆ ಒಳ್ಳೆಯದಿರಬಹುದು, ಆದರೆ ತಾಮ್ರ ಹವಳಕ್ಕೂ ಸಿಗಡಿಗೂ ವಿಷ. ಆರ್‌ಒ ಆದಮೇಲೆ ಉಳಿದ ಲವಣವನ್ನೂ ಹಿಡಿದುಕೊಳ್ಳುವ ಡಿಐ ರಾಳದ ಕೊಳವೆ ಹಾಕಿ, ಮೀಟರ್ ಸೊನ್ನೆ ತೋರಿಸುವ ನೀರನ್ನೇ ಬಳಸಿ. ಬೋರ್‌ವೆಲ್ ನೀರಾದರೆ ರಾಳ ಬೇಗ ಮುಗಿಯುತ್ತದೆ, ಮೀಟರ್ ಒಂದಕ್ಕೆ ಬಂದ ದಿನವೇ ಬದಲಿಸಿ.

ಇನ್ನೂ ಒಂದು ಮಾತು. ಸಂಪಿನೊಳಗೆ ಕೈ ಹಾಕಿ ತಡಕಿ (ಗೇಟಿನ ಹತ್ತಿರದ ಸಂಪಲ್ಲ, ಟ್ಯಾಂಕಿನ ಕೆಳಗಿನದು). ಅದಕ್ಕೂ ಮೊದಲು ಕರೆಂಟ್ ತೆಗೆಯಿರಿ. ತುಕ್ಕು ಹಿಡಿದ ಪೈಪ್ ಕ್ಲಿಪ್ಪು, ಒಡೆದ ಅಯಸ್ಕಾಂತ ಸಿಕ್ಕರೆ ಅಪರಾಧಿ ಸಿಕ್ಕಂತೆ. ಹಾಗೆಯೇ ಸೊಳ್ಳೆ ಬತ್ತಿ, ಜಿರಲೆ ಸ್ಪ್ರೇ. ಇವುಗಳಲ್ಲಿರುವ ಪೈರೆಥ್ರಾಯ್ಡ್ ಸಿಗಡಿ, ಏಡಿಗಳನ್ನು ಮೊದಲು ಕೊಲ್ಲುತ್ತದೆ. ಹವಳ ಮುದುಡಿದ ವಾರವೇ ಸಿಗಡಿಯೂ ಸತ್ತಿದ್ದರೆ ನೀರಿಗೆ ಏನೋ ಬಿದ್ದಿದೆ ಅಂತಲೇ ಲೆಕ್ಕ.

ರಾತ್ರಿ ಲೈಟ್ ಆರಿ ಒಂದೆರಡು ಗಂಟೆ ಆದಮೇಲೆ ಟಾರ್ಚಿಗೆ ಕೆಂಪು ಕಾಗದ ಕಟ್ಟಿ ನೋಡಿ. ಹಗಲಲ್ಲಿ ಸಾಧುವಾಗಿರುವ ಪಕ್ಕದ ಹವಳ ರಾತ್ರಿ ಉದ್ದದ ಎಳೆ ಚಾಚಿ ಕುಟುಕುತ್ತಿರಬಹುದು. ಬುಡದಲ್ಲಿ ಯಾವುದೋ ಹುಳು ಮೇಯುತ್ತಿರಬಹುದು. ಲೆದರ್ ಕೂಡ ಸುಮ್ಮನಿರುವುದಿಲ್ಲ. ನೀರಿಗೆ ರಾಸಾಯನಿಕ ಬಿಟ್ಟು ನೆರೆಯವರನ್ನು ಕಾಡುತ್ತದೆ. ಅದಕ್ಕೆ ಆಕ್ಟಿವೇಟೆಡ್ ಕಾರ್ಬನ್ ಚೀಲ ಇಟ್ಟು ತಿಂಗಳಿಗೊಮ್ಮೆ ಬದಲಿಸಿ.

ಕೈ ಹಾಕುವ ಸರದಿ

ಕಾರಣ ಸಿಕ್ಕರೆ ಅದೊಂದನ್ನೇ ಸರಿಮಾಡಿ, ನಾಲ್ಕೈದು ದಿನ ಕಾಯಿರಿ. ಸಿಗದಿದ್ದರೆ ಹೊಸ ಕಾರ್ಬನ್ ಹಾಕಿ, ಉಪ್ಪು ಮತ್ತು ಬಿಸಿ ಹೊಂದಿಸಿದ ನೀರಿನಿಂದ ಶೇ 15ರಷ್ಟು ಬದಲಿಸಿ. ದಿನಾ ಒಂದು ಫೋಟೊ ತೆಗೆದಿಡಿ, ಅದೇ ಜಾಗದಿಂದ, ಅದೇ ಹೊತ್ತಿಗೆ.

ಕೊಳೆ ಹರಡುತ್ತಿದ್ದರೆ ಮಾತ್ರ ಕಾಯಬೇಡಿ. ಕೈಗವಸು, ಕನ್ನಡಕ ಹಾಕಿ. ಹವಳವನ್ನು ಟ್ಯಾಂಕಿನದೇ ನೀರಿನ ಬೇಸಿನ್‌ಗೆ ಎತ್ತಿ, ಹೊಸ ಬ್ಲೇಡಿನಿಂದ ಕೊಳೆತದ್ದನ್ನಷ್ಟೇ ಅಲ್ಲ, ಪಕ್ಕದ ಗಟ್ಟಿ ಮೈಯನ್ನೂ ಬೆರಳಗಲ ಸೇರಿಸಿ ಕತ್ತರಿಸಿ. ಆಮೇಲೆ ಹವಳ ಅದ್ದುವ ಅಯೋಡಿನ್ ದ್ರಾವಣ, ಅಂದರೆ ಅಯೋಡಿನ್ ಡಿಪ್‌ನಲ್ಲಿ ಹತ್ತು ನಿಮಿಷ, ಅಳತೆ ಬಾಟಲಿಯ ಮೇಲೆ ಬರೆದಷ್ಟೇ. ಬೇಸಿನ್ ನೀರು ಟ್ಯಾಂಕಿಗೆ ವಾಪಸ್ ಹೋಗಬಾರದು. ಅದೇ ಕಲ್ಲಿನ ಮೇಲೆ ಜೋಆಂಥಿಡ್, ಪಾಲಿಥೋವ ಎಂಬ ಗುಂಡಿಯಂಥ ಮೃದು ಜೀವಿಗಳು ಇದ್ದರೆ ಡಬಲ್ ಎಚ್ಚರ. ಅವುಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಾರಿ ವಿಷ ಇರಬಹುದು. ಆ ಕಲ್ಲನ್ನು ಒಣಗಿಸಿ ಉಜ್ಜಬೇಡಿ. ಕುದಿಸುವುದಂತೂ ಬೇಡವೇ ಬೇಡ, ಆ ಆವಿ ಕುಡಿದು ಇಡೀ ಮನೆಯವರು ಆಸ್ಪತ್ರೆ ಸೇರಿದ್ದುಂಟು.

ಸುಣ್ಣದ ಗಟ್ಟಿ ಗೂಡು ಕಟ್ಟುವ ಕಲ್ಲುಹವಳಗಳ ವಿಷಯ ನಾನು ಬರೆಯುತ್ತಿಲ್ಲ, ಬೇಕೆಂದೇ. ಅವು 1972ರ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯ ಮೊದಲನೇ ಪಟ್ಟಿಯಲ್ಲಿವೆ. ನೇತ್ರಾಣಿಯ ಕಡಲಲ್ಲಿ ಮುಳುಗಿ ನೋಡಿ ಬನ್ನಿ, ಒಂದು ಚೂರೂ ಮನೆಗೆ ತರಬೇಡಿ. ಅಂಗಡಿಯಲ್ಲಿ ಯಾವ ಹವಳ ಕೊಂಡರೂ ಕಾಗದಪತ್ರ ಕೇಳಿ ತೆಗೆದುಕೊಳ್ಳಿ.

ಕತ್ತರಿಸಿದ ಲೆದರ್ ಎರಡು ದಿನ ಕುಗ್ಗಿಯೇ ಇರುತ್ತದೆ. ತೆಗೆದ ಭಾಗದಲ್ಲಿ ಉಗುರಿನಷ್ಟು ಗಟ್ಟಿ ಚೂರು ಉಳಿದಿದ್ದರೆ ಎಸೆಯಬೇಡಿ. ಒಂದು ಸಣ್ಣ ಕಲ್ಲಿಗೆ ರಬ್ಬರ್ ಬ್ಯಾಂಡಿನಿಂದ ಸಡಿಲವಾಗಿ ಕಟ್ಟಿ, ಹರಿವು ಕಮ್ಮಿ ಇರುವ ಮೂಲೆಯಲ್ಲಿ ಇಡಿ. ಒಂದೆರಡು ವಾರಕ್ಕೆ ಅದು ಕಲ್ಲು ಹಿಡಿದುಕೊಳ್ಳುತ್ತದೆ. ನನ್ನ ಟ್ಯಾಂಕಿನಲ್ಲಿ ಈಗ ಅಂಗೈ ಅಗಲ ಅರಳುವ ಅಣಬೆ, ಹಾಗೆ ಕಟ್ಟಿಟ್ಟ ಚೂರೇ.