ಬಿಚ್ಚಿಕೊಳ್ಳುತ್ತಿದ್ದ ಮರಿಕೋಸು ಗಟ್ಟಿಯಾಗಿದ್ದು ಹೀಗೆ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮ ಮನೆ ಹಿತ್ತಲು ಚಿಕ್ಕದು. ಎರಡು ವರ್ಷ ಅಲ್ಲಿ ಬ್ರಸೆಲ್ಸ್ ಸ್ಪ್ರೌಟ್ಸ್, ಅಂದರೆ ಮರಿಕೋಸು, ಹಾಕಿ ಸೋತೆ. ಗಿಡವೇನೋ ಸೊಂಟದೆತ್ತರ ಬರುತ್ತಿತ್ತು. ಕಾಂಡದ ಮೇಲೆ ಬಿಡುವ, ಪುಟ್ಟ ಎಲೆಕೋಸಿನಂಥ ಗಡ್ಡೆಗಳು ಮಾತ್ರ ಬಿಗಿಯಾಗದೆ ಹೂವಿನ ಹಾಗೆ ಬಿಚ್ಚಿಕೊಳ್ಳುತ್ತಿದ್ದವು. ಬೇಯಿಸಿದರೆ ನೀರು ನೀರು. ತುಂಬಾ ಬೇಜಾರಾಗಿತ್ತು.

ತಪ್ಪು ಇದ್ದದ್ದು ಮಣ್ಣಿನಲ್ಲಿ. ಊರಲ್ಲಿ ಅಮ್ಮ ಬದನೆ, ಮೆಣಸಿನ ಸಸಿಗೆ ಮಣ್ಣು ಸಡಿಲ ಮಾಡುತ್ತಿದ್ದರು. ನಾನೂ ಹಾಗೇ ನಾಟಿಗೆ ಮುಂಚೆ ಅಗೆದು, ಜಾಸ್ತಿ ಗೊಬ್ಬರ ಹಾಕುತ್ತಿದ್ದೆ. ಮರಿಕೋಸಿನ ಗಿಡ ಎತ್ತರ, ತಲೆಭಾರ ಜಾಸ್ತಿ. ಸಡಿಲ ಮಣ್ಣಿನಲ್ಲಿ ಗಾಳಿಗೆ ಓಲಾಡಿ ಬೇರು ಅಲುಗುತ್ತದೆ. ಗೊಬ್ಬರದ ಸಾರಜನಕ ಹೆಚ್ಚಾದರೆ ಎಲೆ ಸೊಕ್ಕುತ್ತದೆ, ಗಡ್ಡೆ ಬಿಗಿಯುವುದಿಲ್ಲ.

ಮೂರನೇ ಸಲ ನವೆಂಬರಿನಲ್ಲೇ ಅಗೆದು, ಹಳೇ ಗೊಬ್ಬರ ಸೇರಿಸಿ, ಚಳಿಗಾಲವಿಡೀ ಮಣ್ಣು ಕೂರಲು ಬಿಟ್ಟೆ. ಏಪ್ರಿಲ್‌ನಲ್ಲಿ ಬೀಜ ಹಾಕಿ, ಮೇ ಕೊನೆಗೆ ನಾಟಿ. ಅದಕ್ಕೆ ಮುಂಚೆ ಮಣ್ಣನ್ನು ಬೂಟುಗಾಲಲ್ಲಿ ತುಳಿದೆ. ಮನಸ್ಸು ಒಪ್ಪಲಿಲ್ಲ, ಆದರೂ ತುಳಿದೆ. ಸಸಿಯನ್ನು ಕೆಳಗಿನ ಎಲೆಯವರೆಗೆ ಹೂತು, ಸುತ್ತ ಹಿಮ್ಮಡಿಯಿಂದ ಒತ್ತಿದೆ. ಎಲೆ ಹಿಡಿದು ಎಳೆದರೆ ಎಲೆ ಹರಿಯಬೇಕು, ಸಸಿ ಮೇಲೆ ಬರಬಾರದು. ಅಷ್ಟು ಗಟ್ಟಿ! ಅಂತರ 60ರಿಂದ 75 ಸೆಂಟಿಮೀಟರ್. ಪಾರಿವಾಳ, ಬಿಳಿ ಚಿಟ್ಟೆ ಬಾರದಂತೆ ಬಲೆ. ಸೆಪ್ಟೆಂಬರಿನಲ್ಲಿ ಬುಡಕ್ಕೆ ಮಣ್ಣೇರಿಸಿ ಕೋಲು ಕಟ್ಟಿದೆ.

ಇಬ್ಬನಿ ಹೆಪ್ಪುಗಟ್ಟುವ ಚಳಿ ಬಂದ ಮೇಲೆ ಕೆಳಗಿನಿಂದ ಕಿತ್ತೆ. ನೆಲ್ಲಿಕಾಯಿ ಗಾತ್ರ, ಕಲ್ಲಿನಂತೆ ಗಟ್ಟಿ. ಚಳಿಗೆ ಸಿಹಿಯೂ ಬಂದಿತ್ತು. ಅವತ್ತೇ ಕಡಲೆಬೇಳೆ, ಕಾಯಿತುರಿ ಹಾಕಿ ಪಲ್ಯ ಮಾಡಿದೆ.