ಪ್ಯಾರಡೈಸ್ ಲಾಸ್ಟ್: ಗಟ್ಟಿ ಆಲ್ಬಮ್ಮು, ಮೆತ್ತನ ಆಲ್ಬಮ್ಮು ಎರಡೂ ಕೇಳೋದು ಹೆಂಗ

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ದಾಗ 1988ಕ್ಕ ಶುರುವಾದ ಮೆಟಲ್ (ಗಡಸು ರಾಕ್ ಸಂಗೀತ) ಬ್ಯಾಂಡ್ ಇದು. ಮೊದ್ಲು 1991ರ 'ಗಾಥಿಕ್' ಜೋರ್ ಸೌಂಡ್ ಇಟ್ಟು ಹಾಕ್ರಿ. ನಿಕ್ ಹೋಮ್ಸ್ ಗುಡುಗಿದಂಗ ಹಾಡ್ತಾನ, ಮಾತು ತಿಳೀಲಿಲ್ಲಂದ್ರ ಬಿಡ್ರಿ, ಗ್ರೆಗರ್ ಮ್ಯಾಕಿಂಟಾಷ್‌ನ ಗಿಟಾರ್ ಅಳ್ತೈತಲ್ಲ ಆ ಟ್ಯೂನ್ ಹಿಡಕೊಳ್ರಿ.

ಅಲ್ಲಿಂದ ಸೀದಾ 1999ರ 'ಹೋಸ್ಟ್'ಗೆ ಹಾರಬ್ಯಾಡ್ರಿ, ತಲಿ ಕೆಡ್ತೈತಿ. ನಡುವ 1995ರ 'ಡ್ರಾಕೋನಿಯನ್ ಟೈಮ್ಸ್', 1997ರ 'ಒನ್ ಸೆಕೆಂಡ್' ಕೇಳ್ರಿ, ಗುಡುಗು ಕಮ್ಮಿಯಾಗಿ ಕೀಬೋರ್ಡ್ ಬರೋದು ಗೊತ್ತಾಗ್ತೈತಿ.

'ಹೋಸ್ಟ್' ಹೆಚ್ಚಾಗಿ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್ ಸೌಂಡ್), ಇಯರ್‌ಫೋನ್ ಹಾಕ್ಕೊಂಡು ರಾತ್ರಿನ ಕೇಳ್ಬೇಕು. ಮೇ ತಿಂಗಳ ರಾಯಚೂರಾಗ ಕೂಲರ್ ಬಂದ್ ಮಾಡ್ರಿ ಅಂದ್ರ ಹೊಡೀತೀರಿ, ಗೊತ್ತೈತಿ ನಂಗ, ಆದ್ರ ಕೂಲರ್ ಗರ್ ಅನ್ನೋದ್ರಾಗ ಸಣ್ಣ ಸಣ್ಣ ಸೌಂಡೆಲ್ಲಾ ಮುಳುಗಿ ಹೋಗ್ತಾವು, ಈ ಆಲ್ಬಮ್ಮಿನ ಮಜಾ ಇರೋದ ಅದ್ರಾಗ. 'ಇದು ಮೆಟಲ್ಲೇ ಅಲ್ಲ ಬಿಡಲೇ' ಅಂತ ದೋಸ್ತರು ಬೈತಾರ, ಬೈಲಿ. ಡಿಸ್ಟಾರ್ಷನ್ (ಗಿಟಾರಿನ ಒರಟು ಗರಗರ ಸೌಂಡ್) ತೆಗದ್ರೂ ಆ ದುಃಖ ಹಂಗ ಐತಿ, ನನಗಂತೂ ಇದ ಜಾಸ್ತಿ ಹಿಡಿಸಿದ್ದು.

ಆಮ್ಯಾಲ 2015ರ 'ದ ಪ್ಲೇಗ್ ವಿದಿನ್' ಹಾಕ್ರಿ, ಗುಡುಗೋ ದನಿ ವಾಪಸ್ ಬಂದೈತಿ, ಮೆತ್ತಗ ಹಾಡೋದೂ ಬಿಟ್ಟಿಲ್ಲ.